ಹಾಳೆಗೆ ಸಿಕ್ಕಿಸಿದ ಕೆಂಪು ಕ್ಲಿಪ್ಪು

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಎಂಬತ್ತು ಜನರಿಗೆ ಕಣ್ಣಳತೆಯಲ್ಲೇ ಬೇಯಿಸಿ ಹಾಕಿದವಳು. ಯಾರಾದರೂ ಚೀಟಿ ನೋಡಿ ಅಡುಗೆ ಮಾಡುವುದು ಕಂಡರೆ, "ಪರೀಕ್ಷೆಗೆ ಕೂತಿದ್ದೀಯೇನೇ?" ಎಂದು ಛೇಡಿಸುತ್ತಿದ್ದಳು.

ನಾಲ್ಕು ತಿಂಗಳ ಹಿಂದೆ ಜ್ವರ ಬಂತು. ಹೋಗುವಾಗ ರುಚಿ, ವಾಸನೆ ಎರಡನ್ನೂ ಹೊತ್ತುಕೊಂಡು ಹೋಯಿತು. ನಾಲಗೆಗೆ ಉಪ್ಪೂ ಒಂದೇ, ಮರಳೂ ಒಂದೇ. ಗೊತ್ತಾದರೆ ಕೆಲಸಕ್ಕೇ ಕುತ್ತು. ಮಗಳಿಗೆ ಮಾತ್ರ ಹೇಳಿದಳು.

ತಾಯಿ ಹಿಡಿಯಲ್ಲಿ ಹಿಡಿದದ್ದನ್ನು ಮಗಳು ಬಟ್ಟಲಿನಲ್ಲಿ ಅಳೆದು, ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಳು. ಮೊದಲ ಚೀಟಿ ಎಣ್ಣೆ ಕುಡಿದು ಹಾಳಾಯಿತು. ಎರಡನೆಯದು ಹಬೆಗೆ ಮುದುಡಿತು. ಮೂರನೆಯದನ್ನು ದೊಡ್ಡಕ್ಕ ಪ್ಲಾಸ್ಟಿಕ್ ಹಾಳೆಯೊಳಗಿಟ್ಟು, ಪ್ಯಾಂಟು ನೇತುಹಾಕುವ ಹ್ಯಾಂಗರಿಗೆ ಸಿಕ್ಕಿಸಿ, ಒಲೆಯಿಂದ ನಾಲ್ಕು ಹೆಜ್ಜೆ ಆಚೆಗಿನ ಕಪಾಟಿನ ಹಿಡಿಗೆ ತೂಗುಹಾಕಿದಳು. ಅಂಚಿಗೆ ಬಟ್ಟೆ ಒಣಹಾಕುವ ಕೆಂಪು ಕ್ಲಿಪ್ಪು. ಒಂದು ಸಾಲಿನ ಕೆಲಸ ಮುಗಿದರೆ ಕ್ಲಿಪ್ಪು ಒಂದು ಸಾಲು ಕೆಳಗೆ.

"ದೊಡ್ಡಕ್ಕ ಇನ್ಮೇಲೆ ಅಡುಗೆಗೂ ಇಸ್ತ್ರಿ ಹಾಕ್ತಾಳೆ!" ಎಂದು ಊಟಕ್ಕೆ ಬಂದವರು ನಕ್ಕರು. ಅವಳೂ ನಕ್ಕಳು. ಆದರೆ ಅಂದಿನಿಂದ ಅವಳ ಕಾಲು ಒಂದೆಡೆ ನಿಂತದ್ದಿಲ್ಲ. ಒಲೆಯಿಂದ ಹಾಳೆಗೆ, ಹಾಳೆಯಿಂದ ಒಲೆಗೆ.

ಆ ದಿನ ಬಟಾಣಿ ಸೂಪು ಕುದಿಯುತ್ತಿತ್ತು. ಹಿಂಬಾಗಿಲಿಗೆ ತರಕಾರಿ ಗಾಡಿ ಬಂತೆಂದು ಹೋಗಿ ಬಂದಳು. ಹಾಳೆ ಇತ್ತು, ಕ್ಲಿಪ್ಪು ಇರಲಿಲ್ಲ. ಪಾತ್ರೆ ತೊಳೆಯುವ ಚಿಕ್ಕಮ್ಮ ಒದ್ದೆ ಬಟ್ಟೆಯನ್ನು ಕಿಟಕಿಗೆ ಹರವಿ, ಅದೇ ಕ್ಲಿಪ್ಪನ್ನು ಸಿಕ್ಕಿಸುತ್ತಿದ್ದಳು.

ಉಪ್ಪು ಹಾಕಿದೆನೋ, ಇಲ್ಲವೋ? ಅಳತೆಯ ಬಟ್ಟಲು ಬರಿದಾಗಿತ್ತು. ಅದು ಯಾವಾಗಲೂ ಬರಿದೇ. ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದಳು, ಮುಚ್ಚಿದಳು. ಒಂದು ಗುಟುಕು ಕುಡಿದಳು. ಬಿಸಿ, ಅಷ್ಟೇ. ಇನ್ನೊಂದು. ಬಿಸಿ. ಊಟದ ಗಂಟೆಗೆ ಹತ್ತೇ ನಿಮಿಷ. ಎರಡು ಸಲ ಬಿದ್ದರೆ ಎಂಬತ್ತು ಜನರ ಊಟ ಚರಂಡಿಗೆ. ಬಾಗಿಲವರೆಗೆ ಹೋದಳು, ತಿರುಗಿ ಬಂದಳು.

"ಏನೇ, ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದ್ದೀಯ?"

"ಚಿಕ್ಕಮ್ಮಾ... ಇದರ ರುಚಿ ಸ್ವಲ್ಪ ನೋಡ್ತೀರಾ?"

"ನಾನಾ? ಇಷ್ಟು ವರ್ಷದಲ್ಲಿ ನಿನ್ನ ಸೌಟು ಮುಟ್ಟೋಕೆ ಬಿಟ್ಟವಳಲ್ಲ ನೀನು. ನಿನ್ನ ನಾಲಗೆಗೇನಾಯ್ತು?"

ದೊಡ್ಡಕ್ಕನಿಗೆ ಸುಳ್ಳು ಹೊಳೆಯಲಿಲ್ಲ. "ಸತ್ತುಹೋಯ್ತು. ನಾಲ್ಕು ತಿಂಗಳಾಯ್ತು."

ಚಿಕ್ಕಮ್ಮ ಕೈ ಒರೆಸಿಕೊಂಡು ಸೌಟು ತೆಗೆದುಕೊಂಡಳು. ಊದಿದಳು, ಗುಟುಕರಿಸಿದಳು.

"ಉಪ್ಪಿಲ್ಲ ಕಣೇ."

ದೊಡ್ಡಕ್ಕ ಬಟ್ಟಲು ತುಂಬಿ ಸುರಿದಳು, ತಿರುವಿದಳು. ಚಿಕ್ಕಮ್ಮ ಮತ್ತೆ ನೋಡಿ, "ಈಗ ಸರಿ" ಎಂದಳು. ಕಿಟಕಿಯಿಂದ ಕ್ಲಿಪ್ಪು ಕಿತ್ತು ತಂದಳು. "ಇದು ಎಲ್ಲಿಗೆ?"

"ಕೊನೇ ಸಾಲಿಗೆ. ಒಲೆ ಆರಿಸು ಅಂತಿದೆ ನೋಡಿ, ಅಲ್ಲಿಗೆ... ಚಿಕ್ಕಮ್ಮಾ, ಯಾರಿಗೂ ಹೇಳಲ್ಲ ತಾನೇ?"

"ಕ್ಲಿಪ್ಪು ಕದ್ದಿದ್ದನ್ನ ನೀನು ಹೇಳದಿದ್ರೆ."

ಗಂಟೆ ಹೊಡೆಯಿತು. ದೊಡ್ಡಕ್ಕ ಒಲೆ ಆರಿಸಿದಳು. ಹಾಳೆಯ ಹತ್ತಿರ ಹೋಗಿ ಕೊನೆಯ ಸಾಲನ್ನು ಓದಿ, ಒಲೆ ಆರಿದೆಯೇ ಎಂದು ಮತ್ತೊಮ್ಮೆ ಬಗ್ಗಿ ನೋಡಿದಳು.