ಹೋರಿ ಹಾಯದ ಹೊಟ್ಟೆ

ದೀಪಾವಳಿ ಮುಗಿಯಿತೆಂದರೆ ಹಾನಗಲ್ಲಿನ ನಮ್ಮ ಆಸ್ಪತ್ರೆಗೆ ಹೋರಿ ಹಬ್ಬದ ಗಾಯಾಳುಗಳು ಬರತೊಡಗುತ್ತಾರೆ. ಓಡುವ ಹೋರಿಯ ಕೊರಳಿನ ಕೊಬ್ಬರಿ ಹರಿಯಲು ಹೋಗಿ ಪಕ್ಕೆಲುಬು ಮುರಿದುಕೊಂಡವರು, ತೊಡೆ ಸೀಳಿಸಿಕೊಂಡವರು. ಹೊಲಿದು ಹೊಲಿದು ನನಗೆ ಆ ಹಬ್ಬದ ಮೇಲೇ ಸಿಟ್ಟು. ಈ ಕಡೆ ಕೋಡಿನ ಗಾಯವೆಂದರೆ ಗಂಡಸಿಗೆ ಪದಕವಿದ್ದಂತೆ. ಮದುವೆ ಮನೆಯಲ್ಲೂ ಅಂಗಿ ಎತ್ತಿ ತೋರಿಸುತ್ತಾರೆ.

ಆ ಸಂಜೆ ಒಬ್ಬ ತರುಣನನ್ನು ಅವನ ಅಣ್ಣನೂ ಇನ್ನು ನಾಲ್ಕೈದು ಮಂದಿಯೂ ಹೊತ್ತು ತಂದರು. ಹೋರಿ ಹೊಟ್ಟೆಗೆ ಹಾಯ್ದಿದೆ ಎಂದರು. ಮೈ ಸುಡುತ್ತಿತ್ತು. ಬಲಗಡೆಯ ಕಿಬ್ಬೊಟ್ಟೆ ಒತ್ತಿ ಕೈ ತೆಗೆದೆ. ಅವನು ಕಿರುಚಿ ನನ್ನನ್ನು ಒದೆಯಲು ಬಂದ. ಚರ್ಮದ ಮೇಲೆ ಮಾತ್ರ ಒಂದು ಗೀರೂ ಇರಲಿಲ್ಲ.

ರಕ್ತದ ವರದಿ ಬಂತು. ಬಿಳಿ ರಕ್ತಕಣಗಳು ಏರಿದ್ದವು, ಉರಿಯೂತ ತೋರಿಸುವ ಸಿಆರ್‌ಪಿಯೂ ಏರಿತ್ತು. ಅಪೆಂಡಿಕ್ಸ್ ಅನ್ನಲು ಅಷ್ಟೇ ಸಾಲದು, ಪೆಟ್ಟು ಬಿದ್ದು ಕರುಳು ಹರಿದರೂ ಅವು ಏರುತ್ತವೆ. ಕರುಳು ಹರಿದಿದ್ದರೆ ಹುಬ್ಬಳ್ಳಿಗೆ ಓಡಿಸಬೇಕು. ಅಪೆಂಡಿಕ್ಸ್ ಆಗಿದ್ದರೆ ಇಲ್ಲೇ, ಈಗಲೇ ಕೊಯ್ಯಬೇಕು, ದಾರಿಯಲ್ಲಿ ಒಡೆದರೆ ಜೀವಕ್ಕೇ ಸಂಚಕಾರ. ನೋವು ಮೊದಲು ಎಲ್ಲಿ ಎದ್ದಿತು, ಊಟ ಸೇರಿತ್ತೇ, ವಾಂತಿಯಾಯಿತೇ ಎಂಬುದಕ್ಕೂ ನಾವು ಅಂಕ ಕೊಟ್ಟು ಕೂಡಿಸುತ್ತೇವೆ. ಕೇಳಿದೆ. ಅವನು ಪಕ್ಕದಲ್ಲಿ ನಿಂತ ಅಣ್ಣನ ಮುಖ ನೋಡಿ, "ಹೋರಿ ಹಾಯ್ದೈತ್ರಿ" ಎಂದಷ್ಟೇ ಅಂದ.

ಅಷ್ಟರಲ್ಲಿ ಆ ಹೋರಿಯ ಮಾಲೀಕ ಹಣ್ಣು ಹಿಡಿದು ನೋಡಲು ಬಂದ.

"ನಮ್ಮ ಹೋರಿ ಅವನ್ನ ಮುಟ್ಟೇ ಇಲ್ಲೋ ತಮ್ಮಾ" ಅನ್ನುವುದರೊಳಗೆ ಅಣ್ಣ ಅವನ ಎದೆಗೆ ಒದ್ದ.

"ಸುಳ್ಳ ಹೇಳ್ತಿಯೇನಲೇ?"

ಸಲೈನ್ ಸ್ಟ್ಯಾಂಡ್ ಎತ್ತಿ ಮುಖಕ್ಕೆ ಬೀಸಿದ. ಹಲ್ಲು ಮುರಿದ ಸದ್ದು ನನಗೆ ಕೇಳಿಸಿತು. ಬಿದ್ದವನನ್ನು ಉಳಿದವರೂ ತುಳಿದರು. ಸಿಬ್ಬಂದಿಯೆಲ್ಲ ಸೇರಿ ಅವರನ್ನು ಹೊರಗೆ ನೂಕಿ ಚಿಲಕ ಹಾಕುವಷ್ಟರಲ್ಲಿ ನೆಲವೆಲ್ಲ ರಕ್ತವಾಗಿತ್ತು.

ನನ್ನ ಪಿತ್ತ ನೆತ್ತಿಗೇರಿತ್ತು. ತರುಣನ ಗದ್ದ ಹಿಡಿದು, "ಖರೇ ಹೇಳು, ಇಲ್ಲಾಂದ್ರ ಸಾಯ್ತಿ" ಎಂದೆ.

ಅವನು ಅತ್ತುಬಿಟ್ಟ. "ಮುಂಜಾನೆನ ಹೊಕ್ಕಳದ ಸುತ್ತ ನೋವಿತ್ರಿ. ಉಣ್ಣಾಕ ಆಗ್ಲಿಲ್ಲ, ವಾಂತಿ ಆತು. ಆಮ್ಯಾಲ ನೋವು ಈ ಕಡಿಗೆ ಇಳೀತು. ಹೋರಿ ಬರೂಕಿಂತ ಮೊದ್ಲ ಬಿದ್ನಿರಿ. ಹೊಟ್ಟಿನೋವಿಗೆ ಬಿದ್ದ ಅಂದ್ರ ಮಂದಿ ನಗ್ತಾರಲ್ರಿ."

ಕೂಡಿಸಿದರೆ ಅಂಕಗಳೆಲ್ಲ ಅಪೆಂಡಿಕ್ಸ್ ಕಡೆಗೇ ವಾಲಿದವು. ಅವನಿಂದಲೇ ಸಹಿ ಹಾಕಿಸಿಕೊಂಡು ಕೊಯ್ದೆ. ಬಾತು, ಕಪ್ಪಾಗಿ, ಇನ್ನೇನು ಒಡೆಯುವುದರಲ್ಲಿತ್ತು.

ಹೊರಗೆ ಬಂದು ಅಣ್ಣನಿಗೆ, ತಮ್ಮ ಉಳಿದ, ಹೋರಿ ಅವನನ್ನು ಮುಟ್ಟಿರಲೇ ಇಲ್ಲ ಎಂದು ಹೇಳಿದೆ. ಅವನು ನನ್ನ ಕಾಲಿಗೆ ಬಿದ್ದ. ಎದ್ದವನೇ ದನಿ ತಗ್ಗಿಸಿ, "ಡಾಕ್ಟರ, ಊರಾಗ ಹೋರಿ ಹಾಯ್ತು ಅಂತನ ಇರ್ಲಿರಿ" ಎಂದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು!

ಅವನ ಕೊರಳಪಟ್ಟಿ ಹಿಡಿದು ದರದರನೆ ಎಳೆದುಕೊಂಡು ಹೋದೆ. ಮಾಲೀಕ ಬಾಯಿಗೆ ಹತ್ತಿ ಒತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದ.

"ಇವರ ಮುಂದ ಹೇಳು ಅದನ್ನ" ಎಂದೆ.

ನಾಚಿಕೆಯಿಲ್ಲದೆ ಹೇಳಿಯೇ ಬಿಟ್ಟ. ಮಾಲೀಕ ಹತ್ತಿ ತೆಗೆದು ರಕ್ತ ಉಗುಳಿ ಅವನನ್ನೇ ನೋಡಿದ.

"ಹಂಗಾರ ನನ್ನ ಹಲ್ಲಿಗೂ ನನ್ನ ಹೋರೀನ ಹಾಯ್ತು ಅನ್ಲೇನಪಾ?"