ತೂಬು ತೆಗೆದವರು ಯಾರು

ಅನುಮಾನ ನನ್ನ ಹುಟ್ಟುಗುಣ. ತರಕಾರಿಯವನು ತೂಗುವಾಗ ನಾನು ತಕ್ಕಡಿ ನೋಡುವುದಿಲ್ಲ, ಅವನ ಮುಖ ನೋಡುತ್ತೇನೆ. ಲಿಫ್ಟಿನಲ್ಲಿ ಯಾರಾದರೂ ಮುಸಿಮುಸಿ ನಕ್ಕರೆ ಅಂಗಿಯ ಗುಂಡಿ ಮುಟ್ಟಿ ನೋಡಿಕೊಳ್ಳುತ್ತೇನೆ. ಅಮ್ಮ ನನ್ನನ್ನು ಅನುಮಾನದ ಪಿಶಾಚಿ ಅಂತಲೇ ಕರೆಯುವುದು. ಇಂಥ ನಾನು ನನ್ನ ಕಥೆಯನ್ನು ಇನ್ನೊಬ್ಬನ ಕೈಗೂ ಕೊಡಲು ಒಪ್ಪಿಕೊಂಡೆ ಅನ್ನುವುದೇ ಸೋಜಿಗ.

ಗಂಗಾನಗರದ ನಮ್ಮ ಮನೆಯ ಮಹಡಿ ಮೇಲೆ ಶೀಟು ಹೊದಿಸಿದ ಒಂದು ಕೋಣೆಯಿದೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಐದು ಜನ ಅಲ್ಲಿ ಮೇಜಿನ ಸುತ್ತ ಕೂರುತ್ತೇವೆ. ಒಬ್ಬ ಗೇಮ್ ಮಾಸ್ಟರ್. ಕಥೆಯ ಊರು, ಅಲ್ಲಿನ ಮಳೆ, ದಾರಿಯಲ್ಲಿ ಸಿಗುವ ಮುದುಕರು, ಕಳ್ಳರು, ನಾಯಿಗಳು ಎಲ್ಲ ಅವನ ಬಾಯಲ್ಲೇ. ಉಳಿದವರದು ತಲೆಗೊಂದು ಪಾತ್ರ. ಗೋಡೆ ಹಾರಿದೆ ಅಂತ ಬಾಯಲ್ಲಿ ಹೇಳಿದರೆ ಸಾಲದು, ಡೈಸ್ ಉರುಳಿಸಿ ಹಾರಬೇಕು. ಅಮ್ಮನ ಪ್ರಕಾರ ಇದು ಕತ್ತೆ ವಯಸ್ಸಿನವರ ಅಡುಗೆ ಆಟ.

ಮೊದಲು ನಾನೊಬ್ಬನೇ ಮಾಸ್ಟರ್ ಆಗಿದ್ದೆ. ಆಫೀಸಿನ ಕೆಲಸ ಹೆಚ್ಚಾಗಿ, ವಾರ ವಾರ ಹೊಸ ಕಥೆ ಕಟ್ಟಲು ಆಗದೆ, ಒಬ್ಬ ಗೆಳೆಯನನ್ನು ಜೊತೆಗೆ ಕರೆದೆ. ಧಾರವಾಡದ ಕಡೆಯವನು, ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ. ಒಂದು ವಾರ ನನ್ನ ಸರದಿ, ಮುಂದಿನ ವಾರ ಅವನದು. ಸರದಿ ಇಲ್ಲದವನು ಅವತ್ತು ಎಲ್ಲರಂತೆ ಒಂದು ಪಾತ್ರ ಆಡಬೇಕು. ಹಾಗಾಗಿ ಮುಂದೇನು ಮಾಡುತ್ತೇನೆ ಅಂತ ಒಬ್ಬನು ಇನ್ನೊಬ್ಬನಿಗೆ ಬಾಯಿ ಬಿಡಬಾರದು. ಇನ್ನೊಂದು ಕಟ್ಟುಪಾಡೂ ಇತ್ತು: ಮೇಜಿನ ಮೇಲೆ ಒಬ್ಬ ಹೇಳಿದ್ದನ್ನು ಇನ್ನೊಬ್ಬ ಅಳಿಸುವ ಹಾಗಿಲ್ಲ. ಹೇಳಿದ ಮೇಲೆ ಅದು ನಡೆದ ಸಂಗತಿ.

ನಮ್ಮ ಕಥೆಯ ಊರಿಗೆ ಒಂದು ಕೆರೆ. ಒಂದು ರಾತ್ರಿ ಯಾರೋ ಕದ್ದು ತೂಬು ತೆಗೆದು, ಬೆಳಗಾಗುವಷ್ಟರಲ್ಲಿ ಅರ್ಧ ಕೆರೆ ಖಾಲಿ. ತೆಗೆದವರು ಯಾರು ಅನ್ನುವುದೇ ಇಡೀ ಆಟ. ಉತ್ತರ ನನ್ನ ತಲೆಯಲ್ಲಿದೆ ಅಂತ ಎಲ್ಲರೂ ತಿಳಿದಿದ್ದರು. ನಿಜಕ್ಕೂ ನನಗೇ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಅದು ಆ ಊರಿನ ನೀರುಗಂಟಿ ಮುದುಕನಂತೂ ಅಲ್ಲ. ನೀರುಗಂಟಿ ಅಂದರೆ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿ ತೂಬು ತೆಗೆದು ಮುಚ್ಚುವವನು. ಯಲಹಂಕದ ಆಚೆ ನಮ್ಮ ಊರಿನಲ್ಲಿ ಅಮ್ಮನ ಅಪ್ಪ ಅದೇ ಕೆಲಸ ಮಾಡುತ್ತಿದ್ದರು. ಆ ಕೆರೆ ಈಗ ಲೇಔಟ್. ತಾತ ಕೆಲಸ ಬಿಟ್ಟದ್ದು ಮಂಡಿ ನೋವಿಗೆ ಅಂತ ಮನೆಯಲ್ಲಿ ಹೇಳುತ್ತಿದ್ದರು. ಆದರೆ ಕೊನೆಗಾಲದಲ್ಲಿ ನಮ್ಮ ಮನೆಯಲ್ಲಿದ್ದಾಗ ಅವರು ದಿನಾ ಹೆಬ್ಬಾಳದ ಕೆರೆಯವರೆಗೂ ನಡೆದುಹೋಗಿ ಬರುತ್ತಿದ್ದರು. ಕಥೆಯ ಮುದುಕನಿಗೆ ನಾನು ಕೊಟ್ಟದ್ದು ಅವರದೇ ಪಂಚೆ, ಅವರದೇ ಕೆಮ್ಮು. ಯಾರಿಗೂ ಹೇಳಿರಲಿಲ್ಲ.

ಗೆಳೆಯನ ಎರಡನೇ ಸರದಿಯಲ್ಲೇ ನನ್ನ ಕಿವಿ ನೆಟ್ಟಗಾಯಿತು. ಊಟದ ದೃಶ್ಯವನ್ನು ಹೇಳುತ್ತಾ ಹೇಳುತ್ತಾ, ಏನೂ ಅಲ್ಲದವನ ಹಾಗೆ, "ಮುದುಕನ ಪಂಚೆ ಅಂಚು ಒದ್ದಿ ಆಗೇತಿ ನೋಡ್ರಿ" ಅಂದುಬಿಟ್ಟ. ಮೂವರು ಆಟಗಾರರೂ ಒಟ್ಟಿಗೆ ತಲೆ ಎತ್ತಿದರು. ಅಳಿಸುವ ಹಾಗಿಲ್ಲ. ಮುಂದಿನ ವಾರ ನನ್ನ ಸರದಿಯಲ್ಲಿ ಊರಿಗೆಲ್ಲ ಮಳೆ ಸುರಿಸಿ ಎಲ್ಲರ ಪಂಚೆಯನ್ನೂ ಒದ್ದೆ ಮಾಡಿದೆ. ಅದರ ಮುಂದಿನ ವಾರ ಅವನು ಮುದುಕ ತೂಬು ಎತ್ತುವ ಹಾರೆಗೆ ಕೆರೆಯ ಕೆಸರು ಮೆತ್ತಿದ. ನಾನು ಒಂದು ಎಮ್ಮೆಯನ್ನು ಕೆಸರಿಗೆ ಇಳಿಸಿ, ಮುದುಕ ಅದೇ ಹಾರೆ ಹಾಕಿ ಅದನ್ನು ಎತ್ತಿದ ಅಂದೆ.

"ಎಮ್ಮಿ ಚಲೋ ಐತಿ," ಅಂದ ಗೆಳೆಯ, ಕಡಲೆಕಾಯಿ ಸುಲಿಯುತ್ತಾ.

ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡಿದ್ದ ಹುಡುಗಿಯೊಬ್ಬಳು ನಮ್ಮ ಆಟದಲ್ಲಿದ್ದಳು. "ಗುರು, ನೀವಿಬ್ರೂ ಏನೋ ಜಗಳ ಆಡ್ತಿದ್ದೀರ. ನಾವ್ ಕಳ್ಳನ್ನ ಹುಡುಕ್ಬೇಕಾ, ನಿಮ್ಮನ್ನ ಬಿಡಿಸ್ಬೇಕಾ?" ಅಂದಳು. ನಕ್ಕೆ. ಒಳಗೆ ಉರಿಯುತ್ತಿತ್ತು. ತಾತ ಸತ್ತು ಎಷ್ಟೋ ಕಾಲವಾಗಿದೆ, ಇವನು ಅವರ ಮೇಲೆ ಕಳ್ಳತನ ಹೊರಿಸುತ್ತಿದ್ದಾನೆ, ಅದೂ ನಮ್ಮದೇ ಮಹಡಿಯಲ್ಲಿ ನಮ್ಮದೇ ಕಾಫಿ ಕುಡಿದು.

ಅದು ಸಾಲದು ಅಂತ ಅವನು ಭಾನುವಾರ ಬೇಗ ಬರತೊಡಗಿದ. ನಾನು ಸ್ನಾನ ಮುಗಿಸಿ ಬಂದರೆ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಅಮ್ಮನ ಜೊತೆ ಕೂತಿರುತ್ತಿದ್ದ. ನನ್ನ ಹೆಜ್ಜೆ ಕೇಳುತ್ತಲೇ ಇಬ್ಬರ ಮಾತೂ ನಿಂತುಹೋಗುತ್ತಿತ್ತು. ಅಮ್ಮ ಒಗ್ಗರಣೆಯ ಕಡೆ ತಿರುಗುತ್ತಿದ್ದಳು, ಅವನು ಸೂರು ನೋಡುತ್ತಿದ್ದ.

"ಏನೋ ಸಮಾಚಾರ?" ಅಂದರೆ, "ಏನಿಲ್ಲಪಾ, ಅಮ್ಮಾರು ಸಾರು ಹ್ಯಾಂಗ್ ಮಾಡೂದು ಹೇಳಾಕತ್ತಾರ" ಅನ್ನುತ್ತಿದ್ದ. ಅವನಿಗೆ ನೀರು ಕಾಯಿಸಲೂ ಬರದು ಅಂತ ನನಗೆ ಗೊತ್ತಿತ್ತು. ಅಮ್ಮನಿಂದ ತಾತನ ವಿಷಯ ಬಾಯಿ ಬಿಡಿಸುತ್ತಿದ್ದಾನೆ, ಕಥೆಯ ಮುದುಕನನ್ನು ಸಿಕ್ಕಿಸಲು ಬಲೆ ಹೆಣೆಯುತ್ತಿದ್ದಾನೆ ಅಂತ ಖಾತ್ರಿಯಾಯಿತು. ಆಟವನ್ನೇ ನಿಲ್ಲಿಸಿಬಿಡೋಣ ಅಂತಲೂ ಅನ್ನಿಸಿತು. ನಿಲ್ಲಿಸಿದರೆ ಒದ್ದೆ ಪಂಚೆ ಹಾಗೇ ಉಳಿದುಬಿಡುತ್ತದಲ್ಲ, ಅದಕ್ಕೇ ಸುಮ್ಮನಿದ್ದೆ.

ಅವರೆಕಾಯಿ ಕಾಲದ ಒಂದು ಭಾನುವಾರ. ಸರದಿ ಅವನದು. ನನ್ನ ಪಾತ್ರ ಊರಿನ ತಳವಾರ, ಕಾವಲಿನವನು. ಆಟಗಾರರು ಮುದುಕನನ್ನು ಕೆರೆ ಏರಿಯ ಮೇಲೆ ಅಡ್ಡಗಟ್ಟಿ ನಿಲ್ಲಿಸಿದರು. ಆ ಹುಡುಗಿ ಕೇಳಿಯೇ ಬಿಟ್ಟಳು, "ಹೇಳು ತಾತ, ತೂಬು ತೆಗೆದಿದ್ದು ಯಾರು?"

ಗೆಳೆಯ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡ.

"ವಸಿ ತಡಿ ಮಗಾ, ಏಳ್ತೀನಿ," ಅಂದ.

ಧಾರವಾಡದ ಒಂದು ಚೂರೂ ಅದರಲ್ಲಿರಲಿಲ್ಲ. ತಾತ ಯಾವ ಮಾತಿಗೂ ಮೊದಲು ಹೀಗೇ ಅನ್ನುತ್ತಿದ್ದರು. ಈ ಮಾತನ್ನು ನಾನು ಮೇಜಿನ ಮೇಲೆ ಒಮ್ಮೆಯೂ ಆಡಿರಲಿಲ್ಲ. ಆಡಲು ಹೋದರೆ ಅಳು ಬರುತ್ತಿತ್ತು.

"ತೆಗ್ದೋನು ನಾನೇ ಕಣ್ರಪ್ಪ. ಮೇಲ್ಗಡೆ ದೊಡ್ಡೋರ್ ಗದ್ದೇಲಿ ನೀರ್ ನಿಂತು ಪಾಚಿ ಕಟ್ಟಿತ್ತು. ಕೆಳ್ಗಡೆಯೋರ್ ಸರ್ದಿ ಬರ್ಲೇ ಇಲ್ಲ. ಅವ್ರ್ ಪೈರು ನೋಡ್ಕೊಂಡು ಇಂಗೇ ಎಷ್ಟ್ ದಿನ ಸುಮ್ಕೆ ಇರ್ಲಿ?"

ನಾನು ಎದ್ದು ನಿಂತೆ. ನೀರು ಕುಡಿದು ಬರುತ್ತೇನೆ ಅಂತ ಹೇಳಿ ದಡದಡ ಕೆಳಗಿಳಿದೆ. ಅಮ್ಮ ಹಾಲಿನಲ್ಲಿ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು.

"ಅವನ ಹತ್ರ ತಾತನ ವಿಷಯ ಏನೇನ್ ಹೇಳಿದ್ದೀಯಮ್ಮ?" ಅಂದೆ. ದನಿ ಏರಿತ್ತು.

"ಯಾಕಂಗೆ ಕೂಗ್ತೀಯ? ಕಾಫಿ ತಂದಾಗ ನೀನು ನಮ್ಮಪ್ಪನ್ ತರ ಮಾತಾಡ್ತಿದ್ದೆ, ನಂಗೆ ಕಣ್ಣಲ್ಲಿ ನೀರ್ ಬಂದ್ಬುಡ್ತು. ಅದನ್ನ ಆ ಉಡ್ಗ ನೋಡ್ದ. ನಮ್ ಧಾರವಾಡದ್ ಮಾತಲ್ಲಿ ಆಡಿದ್ರೆ ನಿಮ್ಮಪ್ಪಾರು ಕೆಟ್ಟೋಗ್ತಾರೆ, ಅವ್ರ್ ಮಾತು ಕಲ್ಸಿ ಅಮ್ಮಾ ಅಂತ ದುಂಬಾಲು ಬಿದ್ದ. ನಿಂಗ್ ಏಳ್ಬ್ಯಾಡಿ ಅಂದ. ಮಾತು ಕಲಿಸ್ದೆ, ಅಷ್ಟೇಯ."

ಅರ್ಧ ಸಿಟ್ಟು ಇಳಿಯಿತು. ಇನ್ನರ್ಧ ಹಾಗೇ ಇತ್ತು.

"ಚೆನ್ನಾಗ್ ಕಲಿಸಿದ್ದೀಯ. ತಾತನ ಬಾಯಲ್ಲೇ ತಾತನ್ನ ಕಳ್ಳ ಮಾಡ್ದ. ರಾತ್ರಿ ತೂಬು ತೆಗೆದು ಕೆಳಗಿನವರಿಗೆ ನೀರು ಬಿಟ್ಟಿದ್ದು ಅವರೇ ಅಂತೆ."

ಅಮ್ಮನ ಕೈ ನಿಂತಿತು. ಬಿಡಿಸಿದ ಕಾಳು ಬೆರಳಲ್ಲೇ ಉಳಿಯಿತು. ಅವಳು ಮಹಡಿಯ ಮೆಟ್ಟಿಲ ಕಡೆ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಅದನ್ನ ನಾನ್ ಏಳ್ಲಿಲ್ವಲ್ಲ," ಅಂದಳು ಸಣ್ಣ ದನಿಯಲ್ಲಿ. "ಅವ್ನಿಗ್ ಎಂಗ್ ಗೊತ್ತಾಯ್ತು?"

ನಾನು ಅವಳ ಎದುರು ಕೂತೆ. ಕೇಳಬೇಕಾದ್ದು ಏನೂ ಉಳಿದಿರಲಿಲ್ಲ. ಅವಳು ಕಾಳನ್ನು ಮೊರಕ್ಕೆ ಹಾಕಿ ಇನ್ನೊಂದು ಕಾಯಿ ತೆಗೆದುಕೊಂಡಳು. ಅದನ್ನು ಬಿಡಿಸುತ್ತಾ, "ಮಂಡಿ ಚೆನ್ನಾಗೇ ಇತ್ತು ಅವ್ರುದು," ಅಂದಳು.

ಮೇಲೆ ಹೋದಾಗ ನಾಲ್ವರೂ ಕಾಯುತ್ತಿದ್ದರು. ಗೆಳೆಯ ಡೈಸನ್ನು ನನ್ನ ಕಡೆ ತಳ್ಳಿದ. ನಾನು ಜಗಳಕ್ಕೆ ಬೀಳುತ್ತೇನೆ ಅಂತ ಅವನ ಮುಖ ಬಿಳಿಚಿಕೊಂಡಿತ್ತು. ಅವನು ಬರೀ ಊಹೆ ಮಾಡಿದ್ದ ಅಂತ ಆ ಮುಖವೇ ಹೇಳುತ್ತಿತ್ತು. ಆದರೂ ಅದನ್ನು ನಾನು ಇನ್ನೂ ಪೂರ್ತಿ ನಂಬಿಲ್ಲ.

"ಮುದುಕ ಎಲ್ಲಾ ನಿನ್ನ ಮುಂದ ಹೇಳ್ಯಾನ," ಅಂದ. "ತಳವಾರ ಅವನ್ನ ಹಿಡಕೊಂಡು ಹೋಗ್ತಾನೋ, ಏನ್ ಮಾಡ್ತಾನೋ?"

ನಾನು ಡೈಸ್ ಮುಟ್ಟಲಿಲ್ಲ.

"ತಳವಾರ ಅವತ್ತು ರಾತ್ರಿ ಏರಿ ಮೇಲೇ ಇದ್ದ," ಅಂದೆ. "ಹಾರೆಯ ಇನ್ನೊಂದು ತುದಿ ಹಿಡಿದಿದ್ದು ಅವನೇ."