ಬಿಡಿಸದ ಆಣೆ

ರೇನರ್ಸ್ ಲೇನಿನ ಹೋಟೆಲಿನಲ್ಲಿ ದೋಸೆ ಹುಯ್ಯುವ ಶೀನಪ್ಪನವರು ಕುಂದಾಪುರದ ಕಡೆಯವರು. ಆಣೆ ಅಂದರೆ ಕೈಕಾಲು ನಡುಗುವ ಪೈಕಿ. ಅಂಥವರು ಲಂಡನ್ನಿನ ವಕೀಲರ ಆಫೀಸಿನಲ್ಲಿ ಕೂತು ಮಂಜುನಾಥನ ಆಣೆ ಹಾಕಿ ಬಂದರು ಅಂದರೆ ಯಾರು ನಂಬುತ್ತಾರೆ ಹೇಳಿ!

ಆದದ್ದಿಷ್ಟು. ಇಲ್ಲಿಗೆ ಬರುವ ಮೊದಲು ಅವರು ಯುದ್ಧ ನಡೆಯುತ್ತಿದ್ದ ದೇಶವೊಂದರ ಮಿಲಿಟರಿ ಕ್ಯಾಂಪಿನಲ್ಲಿ ಅಡುಗೆಗಿದ್ದರು. ಸೆರೆಯಾಳುಗಳಿಗೆ ಊಟ ಒಯ್ಯುವುದೂ ಅವರದೇ ಕೆಲಸ. ಅವರಲ್ಲಿ ಖಲೀಲ್ ಎಂಬ ಬಡಗಿಯಿದ್ದ. ಒಂದು ದಿನ ಸರಕಾರದ ದೊಡ್ಡ ಅಧಿಕಾರಿಯೊಬ್ಬ ಬಂದು, ಬಾಯಿ ಬಿಡುವ ತನಕ ಇವನಿಗೆ ನೀರು ಕೊಡಬೇಡಿ ಅಂದದ್ದನ್ನು ಶೀನಪ್ಪನವರು ಬಾಗಿಲಲ್ಲೇ ನಿಂತು ಕೇಳಿದರು. ಖಲೀಲ್ ಸತ್ತ. ಅಧಿಕಾರಿ ಈಗ ನಿವೃತ್ತನಾಗಿ ಲಂಡನ್ನಿನಲ್ಲೇ ಹಾಯಾಗಿದ್ದಾನೆ. ಯಾವ ದೇಶದವನು ಅಂತ ಬಾಯಿ ಬಿಟ್ಟರೆ ನನ್ನ ಮೇಲೂ ಕೇಸು ಬಿದ್ದೀತು, ಬಿಡಿ. ಖಲೀಲನ ತಾಯಿ ಇಲ್ಲಿನ ಪೊಲೀಸರಿಗೆ ದೂರು ಕೊಟ್ಟಾಗ ಕಿವಿಯಾರೆ ಕೇಳಿದವರು ಅಂತ ಸಿಕ್ಕಿದ್ದು ಶೀನಪ್ಪ ಒಬ್ಬರೇ.

"ಹ್ವಾಯ್, ನಿಮ್ಗೆಂತಕ್ಕೆ ಇಲ್ಲದ್ ಉಸಾಬರಿ? ಮಕ್ಳ್ ಇಪ್ಪು ಮನಿ. ಆಣಿ ಗೀಣಿ ಹಾಕ್ಬೇಡಿ" ಎಂದು ಹೆಂಡತಿ ಸುಗುಣಾ ಅತ್ತರು. ಮಾತನ್ನು ಇಂಗ್ಲಿಷಿನಲ್ಲಿ ತಿಳಿಸಲು ವಕೀಲರ ಆಫೀಸಿಗೆ ಜೊತೆಗೆ ಹೋದ ಮಗಳು ಸೃಷ್ಟಿ, "ಅಪ್ಪಾ, ಯು ಡೋಂಟ್ ಹ್ಯಾವ್ ಟು ಸ್ವೇರ್" ಅಂದಳು. ಆಣೆಯಿಲ್ಲದ ಹೇಳಿಕೆಯೂ ನಡೆಯುತ್ತಿತ್ತಂತೆ. ಶೀನಪ್ಪನವರ ಲೆಕ್ಕವೇ ಬೇರೆ. ಊರಿನಲ್ಲಿ ಒಬ್ಬ ಆಣೆ ಹಾಕಿದರೆ ಎದುರಿನವನು ಬಂದು ಉತ್ತರ ಕೊಡಲೇಬೇಕು. ಬಾರದಿದ್ದರೆ ತಪ್ಪು ಯಾರದೆಂದು ಊರಿಗೇ ತಿಳಿಯುತ್ತದೆ. ಇಲ್ಲೂ ಹಾಗೇ ಅಂದುಕೊಂಡರು, ಪಾಪ. ಸುಳ್ಳಾದರೆ ನನ್ನ ಮನೆ ಹಾಳಾಗಲಿ ಎಂದುಬಿಟ್ಟರು.

ವರ್ಷಗಳು ಎಳೆದವು. 2017ರ ಚಳಿಗಾಲದಲ್ಲಿ ಖಲೀಲನ ತಾಯಿಯ ವಕೀಲೆ ಎಲ್ಲರನ್ನೂ ಕರೆಸಿ ಹೇಳಿದರು: ಸಾಕ್ಷ್ಯ ಸಾಲದು, ಪೊಲೀಸರು ತನಿಖೆ ಮುಗಿಸಿದ್ದಾರೆ. ಆ ಅಧಿಕಾರಿಯನ್ನು ಒಂದು ಪ್ರಶ್ನೆ ಕೇಳಲೂ ಕರೆಸಿರಲಿಲ್ಲ.

"ನಾನ್ ಆಣಿ ಹಾಕ್ರೂ ಅವ ಬತ್ತಿಲ್ಯಾ?" ಎಂದರು ಶೀನಪ್ಪ. ಸೃಷ್ಟಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಖಲೀಲನ ತಾಯಿ ಪಕ್ಕದ ಕುರ್ಚಿಯಲ್ಲಿ ಕೋಟು ಕೂಡ ಬಿಚ್ಚದೆ ಕೂತಿದ್ದರು. ವಕೀಲೆ ಸಾರಿ ಅಂದರು. ಆ ಸಾರಿಗಿಷ್ಟು ಬೆಂಕಿ ಹಾಕ!

ಮನೆಗೆ ಬಂದರೆ ಸುಗುಣಾ ಲ್ಯಾಪ್‌ಟಾಪಿನಲ್ಲಿ ಮಂಗಳೂರಿನ ಟಿಕೆಟ್ಟು ನೋಡುತ್ತಿದ್ದರು. "ಊರಿಗ್ ಹೋಪ. ಮಂಜುನಾಥಂಗೆ ಕಾಣ್ಕಿ ಹಾಕಿ ಆಣಿ ಬಿಡ್ಸ್ಕಂಡ್ ಬಪ್ಪ. ಸಾಕ್ ಇನ್ನ್." ನಿಜದ ಆಣೆಯಾದರೂ ಬಿಡಿಸದೆ ಇಟ್ಟರೆ ಮಕ್ಕಳಿಗೆ ತಟ್ಟುತ್ತದೆ ಅನ್ನುವುದು ಊರ ಕಡೆಯ ನಂಬಿಕೆ.

ಶೀನಪ್ಪನವರಿಗೂ ಸಾಕಾಗಿತ್ತು. ಸತ್ಯ ಹೇಳಿಯೂ ಸುಸ್ತಾಗಿದ್ದರು. ಹೂಂ ಅಂದುಬಿಡುವ ಅಂತ ಬಾಯಿಯವರೆಗೂ ಬಂತು.

"ಬ್ಯಾಡ" ಎಂದರು. "ಆ ಹೆಂಗ್ಸಿನ ಮಗ ಹ್ಯಾಂಗ್ ಸತ್ತ ಅಂಬ್ದಕ್ಕೆ ಈ ಆಣಿ ಒಂದೇ ಉಳ್ದದ್. ಅದನ್ನೂ ಬಿಡ್ಸಿರೆ ಅವ ಸತ್ತದ್ದೇ ಸುಳ್ಳಾತ್ತ್."

ಸುಗುಣಾ ಲ್ಯಾಪ್‌ಟಾಪು ಮುಚ್ಚಿ, ದೇವರ ಮುಂದೆ ನಿಂತು, ಮಕ್ಕಳ ಹೆಸರು ಹೇಳಿಕೊಂಡು ತುಂಬ ಹೊತ್ತು ಕೈಮುಗಿದರು.